ಕಾರಿಗೆ ಹೊದಿಸಿದ ಕಂಬಳಿ

ನಮ್ಮ ಮನೆಯಲ್ಲಿ ಚಳಿಗಾಲದ ಬೆಳಗ್ಗೆ ಹಂಡೆಯ ಮೊದಲ ಬಿಸಿನೀರು ಕಾರಿಗೆ. ಅದಾದ ಮೇಲೆ ಅಪ್ಪನಿಗೆ, ಅಪ್ಪನಾದ ಮೇಲೆ ನಮ್ಮಲ್ಲಿದ್ದು ಸ್ಕೂಲಿಗೆ ಹೋಗುವ ನಾಗಿಗೆ. ತಳದಲ್ಲಿ ಉಳಿದ, ಬಿಸಿಯೋ ತಣ್ಣಗೋ ಹೇಳಲಾಗದ ನೀರು ನನಗೆ. ಮೊನ್ನೆ ನನ್ನ ಮೊಮ್ಮಗಳಿಗೆ ನೀರು ಹಾಕಲು ಬಚ್ಚಲಲ್ಲಿ ಕಾಲು ಚಾಚಿ ಕೂತಾಗ ಇದೆಲ್ಲ ನೆನಪಾಯಿತು. ಹಂಡೆ ತುಂಬ ನೀರು ಕುದಿಯುತ್ತಿತ್ತು. ಬಚ್ಚಲ ತುಂಬ ಹಬೆ. ಕಾಲ ಮೇಲೆ ಎಣ್ಣೆ ಹಚ್ಚಿದ ಕೂಸು. ಇನ್ನೂ ಹೆಸರಿಟ್ಟಿಲ್ಲ, ಆಗಲೇ ನನ್ನ ಹೆಬ್ಬೆರಳು ಹಿಡಿದರೆ ಬಿಡುವುದಿಲ್ಲ. ಸಂತೋಷಕ್ಕೆ ಹದ ಮಾಡಿದ ನೀರನ್ನು ಚೊಂಬಿನ ಮೇಲೆ ಚೊಂಬು ಎರೆಯುತ್ತಲೇ ಇದ್ದೆ. ಬಾಗಿಲಲ್ಲಿ ಟವೆಲ್ಲು ಹಿಡಿದು ನಾಗಿ ನಿಂತಿದ್ದಳು. ಅವಳು ಕೂಸಿನ ಇನ್ನೊಬ್ಬ ಅಜ್ಜಿ. ನನ್ನ ಮಗಳನ್ನು ಅವಳ ಮಗನಿಗೇ ಕೊಟ್ಟಿರುವುದು.

"ಸಾಕು ಬುಡೇ ಲಕ್ಕಿ, ಎಷ್ಟೊತ್ತು ಎರೀತೀಯ. ನಂಗೆ ಕೊಡು."

"ನಿಂತ್ಕೋ. ಜೀವಮಾನ ಎಲ್ಲಾ ನೀನು ಮೊದ್ಲು, ನಾನು ಆಮ್ಯಾಕೆ. ಇದೊಂದ್ರಲ್ಲಾದ್ರೂ ನಾನು ಮೊದ್ಲು."

ಅವಳು ನಕ್ಕಳು. ನಾನು ನಗಲಿಲ್ಲ, ಯಾಕೆಂದರೆ ನಿಜವನ್ನೇ ಹೇಳಿದ್ದೆ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನಾಲ್ಕು ಸಾಲು ಬರೆದರೆ ಬೆರಳು ನೋಯುತ್ತವೆ. ಆದರೂ ಈ ಖುಷಿಯನ್ನು ಮನೆಯವರಿಗೆ ಹೇಳಿ ಹೇಳಿ ಅವರಿಗೆ ಬೇಜಾರಾಗಿ ಹೋಗಿದೆ, ಉಳಿದದ್ದನ್ನು ಎಲ್ಲಿ ಇಡಲಿ? ಅದಕ್ಕೇ ಬರೆಯುತ್ತಿದ್ದೇನೆ. ಬರೆಯಲು ಕೂತರೆ ಕೂಸಿನ ಬದಲು ಆ ಹಾಳು ಕಾರೇ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಮಿಡಿಗೇಶಿಯಲ್ಲಿ ಬೆಟ್ಟದ ಬುಡಕ್ಕೆ ನಮ್ಮದು ಮಣ್ಣಿನ ಮಾಳಿಗೆ ಮನೆ. ತಲೆ ಬಗ್ಗಿಸಿ ಒಳಗೆ ಹೋದರೆ ನಡುಮನೆ, ಎಡಕ್ಕೆ ಒಲೆ, ಬಲಕ್ಕೆ ಅಜ್ಜಿ ಮಲಗುವ ಮೂಲೆ. ಮನೆಗೆ ಅಂಟಿಕೊಂಡಂತೆ ಕುರಿ ಕೂಡುವ ಕಲ್ಲುಗೋಡೆಯ ರೊಪ್ಪ. ಒಳಗೆ ಒಲೆ ಹತ್ತಿಸಿದರೆ ಹೊಗೆ ರೊಪ್ಪಕ್ಕೆ ಹೋಗುತ್ತಿತ್ತು, ರೊಪ್ಪದ ವಾಸನೆ ನಡುಮನೆಗೆ ಬರುತ್ತಿತ್ತು; ಎರಡಕ್ಕೂ ಯಾರೂ ಬೇಡ ಅನ್ನುತ್ತಿರಲಿಲ್ಲ. ಅಪ್ಪ ಚಿಕ್ಕಂದಿನಿಂದ ಕುರಿ ಹಿಂದೆ ಹೋದವನು. ಸುಗ್ಗಿ ಮುಗಿದ ಮೇಲೆ ದೊಡ್ಡಪ್ಪನ ಜೊತೆ ಮಂದೆ ಹೊಡೆದುಕೊಂಡು ಹೊರಟರೆ ಮಳೆ ಬೀಳುವವರೆಗೂ ಮುಖ ಕಾಣಿಸುತ್ತಿರಲಿಲ್ಲ. ಒಂದು ಸಲ ಹಾಗೆ ತಿರುಗಿ ಬಂದಾಗ ನಾನು ಅವನನ್ನು ಯಾರೋ ಎಂದುಕೊಂಡು ಅವ್ವನ ಸೀರೆ ಹಿಂದೆ ಅವಿತುಕೊಂಡು ಕಿರುಚಿದೆನಂತೆ. ಅವನು ತಂದಿದ್ದ ಬತ್ತಾಸನ್ನೂ ಮುಟ್ಟಲಿಲ್ಲವಂತೆ. ಆವತ್ತೇ ಅಪ್ಪ, ಇನ್ನು ಮಂದೆ ಹಿಂದೆ ಹೋಗಲ್ಲ, ಊರಲ್ಲೇ ಇರ್ತೀನಿ ಅಂದನಂತೆ. ಲಾರಿಯಲ್ಲಿ ಕ್ಲೀನರಾಗಿ ಸ್ಟೇರಿಂಗು ಕಲಿತು, ತನ್ನ ಪಾಲಿನ ಕುರಿಗಳನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಎಲ್ಲಿಂದಲೋ ಒಂದು ಹಳೇ ಡೀಸೆಲ್ ಕಾರು ತಂದ. ದಿನಾ ಬೆಳಗ್ಗೆ ಮಧುಗಿರಿಗೆ ಹೋಗುವವರನ್ನು ತುಂಬಿಕೊಂಡು ಹೋಗಿ ಸಂಜೆ ಬರುವುದು. ಹಾಗೆ ನೋಡಿದರೆ ಕಾರು ನಮ್ಮ ಮನೆಗೆ ಬಂದದ್ದೇ ನನ್ನಿಂದ. ಬಂದ ಮೇಲೆ ನನ್ನನ್ನು ಕೇಳುವವರೇ ಇಲ್ಲವಾದರು.

ಬೂದಿ ಬಣ್ಣದ ಕಾರು, ಒಂದು ಬಾಗಿಲು ಮಾತ್ರ ಬಿಳಿ. ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ ಒಂದೇ. ಡೀಸೆಲ್ ಗಾಡಿ ಪೆಟ್ರೋಲ್ ಗಾಡಿಯ ಹಾಗಲ್ಲ. ಟ್ಯಾಂಕಿನಿಂದ ಎಣ್ಣೆಯನ್ನು ಎಳೆದು, ಪಂಪು ಅದನ್ನು ಒತ್ತಿ, ನಾಜಲ್ಲಿನ ಸಣ್ಣ ತೂತಿನಿಂದ ಎಂಜಿನ್ನಿಗೆ ಚಿಮ್ಮಿಸಬೇಕು. ಆ ದಾರಿಯಲ್ಲಿ ಎಲ್ಲಾದರೂ ಗಾಳಿ ಸೇರಿತೋ, ಗಾಡಿ ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ. ಇದು ನನಗೆ ಆಮೇಲೆ ಗೊತ್ತಾದದ್ದು. ಆಗ ಮನೆಯಲ್ಲಿ ಎಲ್ಲರೂ ತಿಳಿದುಕೊಂಡಿದ್ದು ಕಾರಿಗೆ ಚಳಿ ಆಗುತ್ತದೆ ಎಂದು. ಕುರಿ ಸಾಕಿದವರು ನಾವು, ಚಳಿಗೆ ನಡುಗುವ ಜೀವಕ್ಕೆ ಏನು ಮಾಡಬೇಕೋ ಅದನ್ನೆಲ್ಲ ಮಾಡಿದೆವು. ಅವ್ವ ರೇಡಿಯೇಟರಿಗೆ ಬಿಸಿನೀರು ಹೊಯ್ದಳು. ಅಜ್ಜಿ ಹಂಚಿನಲ್ಲಿ ಕೆಂಡ ತುಂಬಿ ಎಂಜಿನ್ನಿನ ಕೆಳಗೆ ಇಟ್ಟಳು, ಮೇಲೆ ಸಾಂಬ್ರಾಣಿಯನ್ನೂ ಉದುರಿಸಿದಳು. ಅಪ್ಪ ನನ್ನ ಕಂಬಳಿ ಹೊದಿಸಿದ.

ಆ ಕಂಬಳಿಯ ಮಾತು ಹೇಳಲೇಬೇಕು. ಅಜ್ಜಿ ಅದನ್ನು ನನಗೆಂದೇ ಮಾಡಿಸಿದ್ದಳು. ಮರಿಗಳ ಮೊದಲ ಉಣ್ಣೆ, ಕತ್ತಿಗೆ ಚುಚ್ಚುವುದಿಲ್ಲ. ಜಗಲಿಯಲ್ಲಿ ಕೂತು ನೂತು, ಪಕ್ಕದ ಬೀದಿಯವರಲ್ಲಿ ಹುಣಸೆಬೀಜದ ಗಂಜಿ ಹಾಕಿಸಿ ನೇಯಿಸಿದ್ದಳು. ಅಂಚಿಗೆ ಬಿಳಿ ಗೆರೆ. ಅದನ್ನು ನಾನು ಹೊದ್ದದ್ದು ಒಂದೇ ರಾತ್ರಿ.

"ಅಪ್ಪಾ, ಅದು ನಂದು."

"ಇರ್ಲಿ ಕಣಮ್ಮ, ಚಳಿ ಕಳೀಲಿ. ನಿಂಗೆ ನಾಗಿ ಪಕ್ಕ ಬೆಚ್ಚಗೈತಲ್ಲ."

"ಅವ್ಳು ಪೂರಾ ಎಳ್ಕೊಂತಾಳೆ."

ಒಳಗಿನಿಂದ ಅವ್ವ ಕೂಗಿದಳು, "ಸುಮ್ನಿರು ಲಕ್ಕಿ. ನಾನು ಕಟ್ಕೊಂಡೋಳೇ ಕೇಳಂಗಿಲ್ಲ. ದಿನಾ ಮೈ ತಿಕ್ಕೋದು ಅದಕ್ಕೆ, ಹೊದ್ಸೋದು ಅದಕ್ಕೆ, ನಂಗೆ ಒಂದಿನ ಬೆನ್ನಿಗೆ ನೀರು ಹಾಕವ್ರಾ ನಿಮ್ಮಪ್ಪ, ಕೇಳು."

ಅಪ್ಪ ನಕ್ಕು ಕಾರಿನ ಕನ್ನಡಿ ಒರೆಸಿದ.

ನಾಗಿ ನನ್ನ ಅತ್ತೆಯ ಮಗಳು, ನಾಗಲಮಡಿಕೆ ಕಡೆಯವಳು. ನನ್ನದೇ ವಯಸ್ಸು. ಅವರೂರಿನಲ್ಲಿ ಮುಂದಿನ ಓದಿಲ್ಲವೆಂದು ಅವಳನ್ನು ನಮ್ಮ ಮನೆಯಲ್ಲಿಟ್ಟು ಮಧುಗಿರಿಯ ಸ್ಕೂಲಿಗೆ ಹಾಕಿದ್ದರು. ನನ್ನನ್ನು ಅದಕ್ಕೂ ಮುಂಚೆಯೇ ಸ್ಕೂಲು ಬಿಡಿಸಿದ್ದರು. ದೊಡ್ಡಪ್ಪನ ಮಂದೆ ಮೇಯಲು ಹೋದ ಮೇಲೆ ನಮ್ಮ ರೊಪ್ಪದಲ್ಲಿ ಉಳಿಯುವ ಎಳೇ ಮರಿಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತಲ್ಲ. ನಾಗಿಯ ಬಾಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅಪ್ಪನಿಗೆ ಅದನ್ನು ಕೇಳುವುದೇ ಒಂದು ಚೆಂದ. ಮುದ್ದೆ ನುಂಗುವಾಗ ಅವಳನ್ನು ಕೆಣಕಿ ಮಾತಾಡಿಸಿ ನಗುತ್ತಿದ್ದ. ಹಿತಕಿದ ಅವರೆಬೇಳೆ ಸಾರು ಮಾಡಿದ ದಿನ ತನ್ನ ತಟ್ಟೆಯ ಬೇಳೆಯನ್ನು ಬಳಿದು ಅವಳ ತಟ್ಟೆಗೆ ಹಾಕುತ್ತಿದ್ದ. ಆ ಅವರೆಕಾಳನ್ನು ಒಂದೊಂದೇ ಹಿತಕಿದವಳು ನಾನು.

ಬೆಳಗ್ಗೆ ಅವಳು ಹೋಗುವುದು ಕಾರಿನ ಮುಂದಿನ ಸೀಟಿನಲ್ಲಿ, ಅಪ್ಪನ ಪಕ್ಕ. ಹಿಂದೆ ಮಧುಗಿರಿಗೆ ಹೋಗುವವರು ಒಬ್ಬರ ಮೇಲೊಬ್ಬರು. ಕಾರು ಅಂಗಳದಲ್ಲಿ ಸ್ಟಾರ್ಟಾಗುತ್ತಿತ್ತು, ಊರು ದಾಟುತ್ತಿತ್ತು, ಕೆರೆ ಏರಿ ಹತ್ತುವಾಗ ನಿಂತುಬಿಡುತ್ತಿತ್ತು. ನಾನು ರೊಪ್ಪದ ಗೋಡೆ ಹತ್ತಿ ನಿಂತು ಕಿವಿಗೊಡುತ್ತಿದ್ದೆ. ಸದ್ದು ನಿಂತರೆ ನನಗೆ ಒಂದು ಕ್ಷಣ ಹಾಲು ಕುಡಿದಷ್ಟು ಸಂತೋಷ. ಆಮೇಲೆ ಕಾಣುತ್ತಿದ್ದುದು ಮಾತ್ರ ಹೊಟ್ಟೆ ಉರಿಸುವಂಥದ್ದು. ಅಪ್ಪ ಇಳಿದು ಬಾನೆಟ್ಟು ಎತ್ತುತ್ತಿದ್ದ, ನಾಗಿ ಇಳಿದು ಅವನ ಪಕ್ಕ ಬಗ್ಗುತ್ತಿದ್ದಳು. ಇಬ್ಬರ ತಲೆ ತಗುಲುವಷ್ಟು ಹತ್ತಿರ. ಪಂಪಿಗೆ ಕೈಯಲ್ಲಿ ಒತ್ತುವ ಒಂದು ಗುಂಡಿ ಇತ್ತು. ಅವಳು ಅದನ್ನು ಒತ್ತುತ್ತಿದ್ದಳು, ಅವನು ಸ್ಕ್ರೂ ಸಡಿಲಿಸಿ ಗಾಳಿ ತೆಗೆಯುತ್ತಿದ್ದ. ಮೊದಲು ನೊರೆ ಬರುತ್ತದೆ, ನೊರೆ ಹೋಗಿ ಬರೀ ಎಣ್ಣೆ ಬಂದಾಗ ಸ್ಕ್ರೂ ಬಿಗಿಯಬೇಕು. ಸಂಜೆ ಅವಳು ಬಂದು ಇದನ್ನೆಲ್ಲ ಹೇಳುವಾಗ ಕೈ ತುಂಬ ಡೀಸೆಲ್ ವಾಸನೆ. ಆ ಕೈಯನ್ನು ನನ್ನ ಮೂಗಿಗೇ ಹಿಡಿಯುತ್ತಿದ್ದಳು. ದಿನಾ ಮರಿ ಎತ್ತಿ ಇಳಿಸುವ ನನ್ನ ಕೈಯಲ್ಲಿ ಅವಳಿಗಿಂತ ಹೆಚ್ಚು ಬಲವಿತ್ತು. ಆದರೆ ನನ್ನನ್ನು ಯಾರೂ ಕರೆಯಲಿಲ್ಲ.

ಬಿಸಿಲು ಏರಿತೆಂದರೆ ಕಾರಿಗೆ ಏನೂ ಇಲ್ಲ. ಅದೇ ದೊಡ್ಡ ತೊಂದರೆ. ಅಪ್ಪ ಅದನ್ನು ಶಿರಾಕ್ಕೆ, ಬುಡೇನ್ ಸಾಬರ ಹತ್ತಿರ ಹೊಡೆದುಕೊಂಡು ಹೋದರೆ, ಅಲ್ಲಿಗೆ ಮುಟ್ಟುವ ಹೊತ್ತಿಗೆ ಎಂಜಿನ್ನು ಕಾದು ಜೇನಿನ ಹಾಗೆ ಗುಂಯ್‌ಗುಡುತ್ತಿತ್ತು. ಸಾಬರು ಒಳ್ಳೆಯ ಮೆಕ್ಯಾನಿಕ್ಕು. ಫಿಲ್ಟರು ಬದಲಾಯಿಸಿದರು, ನಾಜಲ್ಲು ಬಿಚ್ಚಿ ತೊಳೆದರು, ಟ್ಯಾಂಕು ಇಳಿಸಿ ನೋಡಿದರು. ಅಪ್ಪ ಮನೆಗೆ ಬಂದು ಅವರ ಮಾತನ್ನು ಅವರ ದನಿಯಲ್ಲೇ ಹೇಳುತ್ತಿದ್ದ:

"ಅರೆ ಭಾಯ್, ಗಾಡಿ ಏಕ್‌ದಂ ಅಚ್ಛಾ ಐತೆ. ಎಲ್ಲಿ ನಿಲ್ತೈತೆ, ನಂಗೆ ತೋರ್ಸು! ಗಾಳಿ ಎಳೀತೈತೆ ಅನ್ನೋದು ಖರೆ. ಎಲ್ಲಿಂದ ಅಂತ ಅದು ನಿಮ್ಮೂರ ಚಳೀಲಿ ನಿಂತಾಗ್ಲೇ ನೋಡ್ಬೇಕು. ಎಲ್ಲಾರ ಒದ್ದೆ ಐತಾ, ಹುಡುಕು."

ಅಪ್ಪ ಹುಡುಕಿದ. ಕಾರಿನ ಕೆಳಗೆ ಗೋಣಿಚೀಲ ಹಾಸಿ ಮಲಗಿ, ಪೈಪು ಪೈಪಿಗೂ ಬೂದಿ ಉದುರಿಸಿ ನೋಡಿದ, ಒದ್ದೆ ಇದ್ದರೆ ಬೂದಿ ಅಂಟಿಕೊಳ್ಳಲಿ ಎಂದು. ಎಲ್ಲೂ ಒಂದು ಹನಿ ಸೋರಿರಲಿಲ್ಲ.

ಕೊನೆಗೆ ಅಜ್ಜಿ ಹೇಳಿದಳು, "ಕಂಬಳಿ ಸಾಲ್ದು ಕಣ್ಲಾ ಮಗ. ರೊಪ್ಪದಾಗೆ ಕೂಡು. ಮರಿಗಳ ಉಸುರು ಬಿದ್ರೆ ಸರಿ ಹೋತದೆ."

ಅಪ್ಪ ರೊಪ್ಪದ ಗೋಡೆಯ ಕಲ್ಲು ಇಳಿಸಿ ಕಾರನ್ನು ಒಳಗೆ ತಂದ. ಬೆಳಗ್ಗೆ ನೋಡಿದರೆ ಮರಿಗಳೆಲ್ಲ ಕಾರಿನ ಕೆಳಗೆ, ಒಂದು ಬಾನೆಟ್ಟಿನ ಮೇಲೆ ನನ್ನ ಕಂಬಳಿ ತುಳಿಯುತ್ತ. ಆವತ್ತು ಕಾರು ಕೆರೆ ಏರಿಯ ಮೇಲೆ ನಿಲ್ಲಲಿಲ್ಲ! ಅಜ್ಜಿ ಊರೆಲ್ಲ ಸುತ್ತಿ ಹೇಳಿಕೊಂಡು ಬಂದಳು. ಆದರೆ ಒಗೆದ ಪಂಚೆ, ಇಸ್ತ್ರಿ ಶರಟು ಹಾಕಿಕೊಂಡು ಹತ್ತಿದವರು ಮಧುಗಿರಿಯಲ್ಲಿ ಇಳಿಯುವಾಗ ಹಿಕ್ಕೆ ನಾತ, ಸೀಟಿನ ತುಂಬ ಉಣ್ಣೆ. ಮಾರನೇ ದಿನ ಅವರೆಲ್ಲ ಬಸ್ಸಿಗೆ ಹೋದರು. ಅಪ್ಪ ಕಾರನ್ನು ತಿರುಗಿ ಅಂಗಳಕ್ಕೆ ತಂದ. ಅದು ತಿರುಗಿ ಕೆರೆ ಏರಿಯ ಮೇಲೆ ನಿಂತಿತು.

ಆಗ ದೊಡ್ಡಪ್ಪ ಬಂದ. ಮಂದೆ ಹೊರಡಿಸುವ ಹೊತ್ತು. ಹೊಸ್ತಿಲ ಹೊರಗೆ ಕೋಲು ಒರಗಿಸಿ, ಹುರಿದ ಕಡಲೆಕಾಯಿ ಬಿಡಿಸುತ್ತ ಹೇಳಿದ:

"ಲೋ ತಮ್ಮಯ್ಯ, ಸಂಕ್ರಾಂತಿ ತಂಕ ನೋಡು. ಅದು ಇಂಗೇ ನಿಲ್ತಾ ಇದ್ರೆ ಮಾರ್ಬುಟ್ಟು ನನ್ ಜೊತೆ ನಡಿ. ನಂಗೂ ಒಬ್ನೇ ಮಂದೆ ಹೊಡ್ಯೋಕೆ ಆಗಕಿಲ್ಲ. ಕುರಿ ಯಾವತ್ತಾದ್ರೂ ಚಳಿಗೆ ನಿಂತೈತಾ?"

ಅಪ್ಪ ನೆಲ ನೋಡಿದ. ಅಲ್ಲಿಯವರೆಗೂ ಕಾರು ಹಾಳಾಗಿ ಹೋಗಲಿ, ನನ್ನ ಕಂಬಳಿ ನನಗೆ ಬರಲಿ ಎಂದು ಕೋಟೆ ಬೆಟ್ಟದ ಕಡೆ ತಿರುಗಿ ಕೈಮುಗಿಯುತ್ತಿದ್ದವಳು ನಾನು. ಕಾರು ಹೋದರೆ ಅದರ ಹಿಂದೆಯೇ ಅಪ್ಪನೂ ಹೋಗುತ್ತಾನೆ ಎಂದು ಆಗ ಹೊಳೆಯಿತು. ನಾನು ಯಾವುದರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆನೋ ಅದು ಅಂಗಳದಲ್ಲಿ ನಿಂತಿದ್ದರೇನೇ ನನ್ನಪ್ಪ ಮನೆಯಲ್ಲಿರುವುದು. ಇಂಥ ಅನ್ಯಾಯ ಯಾವ ದೇವರಿಗೆ ಹೇಳುವುದು? ಕೈಮುಗಿಯುವುದನ್ನು ಬಿಟ್ಟೆ.

ಸಂಕ್ರಾಂತಿಗೆ ಇನ್ನೇನು ಎರಡು ದಿನ ಇರುವಾಗ, ಒಂದು ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ಅಂಗಳದ ಹೊಂಗೆಮರವೇ ಕಾಣುತ್ತಿರಲಿಲ್ಲ. ನಾನು ಬಚ್ಚಲ ಒಲೆಯ ಮುಂದೆ ತಾಯಿಲ್ಲದ ಮರಿಯೊಂದಕ್ಕೆ ಹಾಲು ಕುಡಿಸಲು ಕೂತಿದ್ದೆ. ಗಾಜಿನ ಸೀಸೆಯ ಬಾಯಿಗೆ ಒಂದು ರಬ್ಬರು ಮೊಲೆ. ಅದನ್ನು ಮೊದಲು ಬಿಸಿನೀರಿನ ಚೊಂಬಿನಲ್ಲಿ ಅದ್ದಿ ಇಟ್ಟಿದ್ದೆ. ನಾಗಿ ಹಲ್ಲುಜ್ಜುತ್ತ ನೋಡಿದಳು.

"ಏಂದಿ ಅದಿ, ರಬ್ಬರಿಗೂ ಸ್ನಾನನಾ?"

"ಹೂಂ, ನಿನಗಿಂತ ಮೊದ್ಲು ಇದಕ್ಕೆ. ಚಳೀಗೆ ಸೆಟ್ಕೊಂಡಿರ್ತದೆ. ಅಂಗೇ ಹಾಕಿದ್ರೆ ಸೀಸೆ ಬಾಯಿಗೆ ಕೂರಕಿಲ್ಲ, ಸಂದಿಯಿಂದ ಗಾಳಿ ಹೋತದೆ. ಮರಿ ಹಾಲಿನ ಬದ್ಲು ಗಾಳಿ ಕುಡ್ದು ಹೊಟ್ಟೆ ಉಬ್ಬಿ ಬೀಳ್ತದೆ."

"ಸಂದಿ ಇದ್ರೆ ಹಾಲು ಸೋರಲ್ವಾ?"

"ಒಂದು ಹನಿನೂ ಸೋರಕಿಲ್ಲ. ಮರಿ ಒಳಕ್ಕೆ ಎಳೀತದಲ್ಲ, ಹೊರಕ್ಕೆ ಹೆಂಗೆ ಬಂದಾತು? ಬಾಯಲ್ಲಿ ನೊರೆ ಬಂದ್ರೇನೇ ಗೊತ್ತಾಗೋದು. ಅದು ಸ್ಕೂಲಲ್ಲಿ ಹೇಳ್ಕೊಡಲ್ವಾ?"

ಅವಳ ಬಾಯಲ್ಲಿ ಇದ್ದಿಲಿನ ಕಪ್ಪು ಹಾಗೇ ಇತ್ತು. ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿದಳು. ಆಮೇಲೆ ಓಡಿದಳು.

"ಮಾಮಾ! ಮಾಮಾ! ಕಾರು ಗಾಳಿ ಕುಡೀತಾ ಐತೆ! ರಬ್ಬರು ಪೈಪು, ಮಾಮಾ, ರಬ್ಬರು!"

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಕಂಬಳಿ ಹೋಯಿತು, ನನ್ನ ಅವರೆಬೇಳೆ ಹೋಯಿತು, ಈಗ ನನ್ನ ಬಾಯಿಂದ ಬಿದ್ದ ಮಾತನ್ನೂ ಹೆಕ್ಕಿಕೊಂಡು ಓಡುತ್ತಿದ್ದಾಳೆ. ಮರಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಕುದಿಯುವ ನೀರಿನ ಚೊಂಬು ಹಿಡಿದು ಅವಳ ಹಿಂದೆಯೇ ಓಡಿದೆ.

"ಹೇಳಿದ್ದು ನಾನು! ಅಪ್ಪಾ, ಅದು ನನ್ ಮಾತು! ನನ್ ಮರಿ!"

ಅಪ್ಪ ಇಬ್ಬರನ್ನೂ ನೋಡಿದ. "ಒಬ್ಬೊಬ್ರಾಗಿ ಬೊಗಳ್ರೇ," ಅಂದ. ನಾನು ಸೀಸೆ, ರಬ್ಬರು, ನೊರೆ ಎಲ್ಲ ಹೇಳಿದೆ. ಅಪ್ಪ ಕೇಳುತ್ತ ಕೇಳುತ್ತ ಹೆಗಲ ಟವೆಲ್ಲನ್ನು ನಿಧಾನವಾಗಿ ಕೆಳಗಿಳಿಸಿದ. ಟ್ಯಾಂಕಿನಿಂದ ಬರುವುದು ತಾಮ್ರದ ಪೈಪು. ಆದರೆ ಬಾನೆಟ್ಟಿನೊಳಗೆ ಎರಡು ಕಡೆ ಗೇಣುದ್ದದ ರಬ್ಬರು ತುಂಡು ಸೇರಿಸಿತ್ತು, ಒಂದು ಫಿಲ್ಟರಿನ ಹತ್ತಿರ, ಒಂದು ಪಂಪಿನ ಹತ್ತಿರ. ಅಪ್ಪ ಕಂಬಳಿ ಸರಿಸಿ ಕಾರು ಸ್ಟಾರ್ಟ್ ಮಾಡಿದ. ಸ್ವಲ್ಪ ಹೊತ್ತು ಓಡಿ ಕೆಮ್ಮಲು ಶುರು ಮಾಡಿತು. ನಾನು ಟವೆಲ್ಲನ್ನು ಬಿಸಿನೀರಿನಲ್ಲಿ ಅದ್ದಿ ಫಿಲ್ಟರಿನ ಕಡೆಯ ರಬ್ಬರಿಗೆ ಸುತ್ತಿದೆ. ಏನೂ ಆಗಲಿಲ್ಲ, ಕಾರು ನಿಂತುಹೋಯಿತು. ನಾಗಿ ಗುಂಡಿ ಒತ್ತಿದಳು, ಅಪ್ಪ ನೊರೆ ತೆಗೆದ, ತಿರುಗಿ ಸ್ಟಾರ್ಟ್ ಮಾಡಿದ. ಈ ಸಲ ಪಂಪಿನ ಹತ್ತಿರದ ತುಂಡಿಗೆ ಸುತ್ತಿದೆ. ಬೆರಳು ಸುಟ್ಟವು, ಬಿಡಲಿಲ್ಲ. ಕಾರು ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಗಂಟಲು ಸರಿಮಾಡಿಕೊಂಡ ಹಾಗೆ ಒಂದೇ ಸಮ ಓಡತೊಡಗಿತು.

"ತೆಗಿ ಈಗ," ಅಂದ ಅಪ್ಪ.

ಟವೆಲ್ಲು ತೆಗೆದೆ. ಮಂಜು ಬಾನೆಟ್ಟಿನೊಳಗೆ ಇಳಿಯಿತು. ನೋಡುತ್ತ ನೋಡುತ್ತ ಕಾರು ಮತ್ತೆ ಕೆಮ್ಮಿತು. ಅಪ್ಪ ಕೈ ತಟ್ಟಿ ನಕ್ಕ. ಗಾಡಿ ನಿಂತದ್ದಕ್ಕೆ ಅವನು ನಕ್ಕದ್ದು ಅದೇ ಮೊದಲು. ಆವತ್ತೇ ಶಿರಾಕ್ಕೆ ಹೋಗಿ ಸಾಬರ ಹತ್ತಿರ ಹೊಸ ರಬ್ಬರು, ಹೊಸ ಕ್ಲಿಪ್ಪು ಹಾಕಿಸಿಕೊಂಡು ಬಂದ. ಸಾಬರು ಹಳೇ ತುಂಡನ್ನು ಬಗ್ಗಿಸಿ ನೋಡಿ, "ಯಾರು ಹಿಡಿದಿದ್ದು ಇದನ್ನ?" ಎಂದು ಕೇಳಿದರಂತೆ. ಅಪ್ಪ "ನಮ್ ಹುಡುಗೀರು" ಅಂದನಂತೆ. ಇದನ್ನು ನಾಗಿ ಕುಣಿದಾಡಿಕೊಂಡು ಹೇಳಿದಳು. ನನಗೆ ಅನ್ನ ಸೇರಲಿಲ್ಲ. "ನನ್ ಮಗಳು" ಅನ್ನಬಹುದಿತ್ತಲ್ಲ?

ಸಂಕ್ರಾಂತಿಯ ಬೆಳಗ್ಗೆ ದೊಡ್ಡಪ್ಪ ಬಂದು ಕೈಕಟ್ಟಿ ಅಂಗಳದಲ್ಲಿ ನಿಂತ. ಅಪ್ಪ ಬಿಸಿನೀರು ಹಾಕಬೇಡಿ ಅಂದ, ಕೆಂಡ ಬೇಡ ಅಂದ. ಕಂಬಳಿ ತೆಗೆದು ಅವ್ವನ ಕೈಗೆ ಕೊಟ್ಟ. ಕಾರು ಸ್ಟಾರ್ಟಾಯಿತು.

"ಇಲ್ಲಿ ಆತದೆ, ಯಾವಾಗ್ಲೂ ಆತದೆ," ಅಂದ ದೊಡ್ಡಪ್ಪ. "ಕೆರೆ ಏರಿ ದಾಟಿಸು ನೋಡನ."

"ಹತ್ತಣ್ಣ ಮತ್ತೆ," ಅಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿದ. "ಲಕ್ಕಿ, ಮುಂದೆ ಬಾ."

ದೊಡ್ಡಪ್ಪ ಹಿಂದಿನ ಸೀಟಿನಲ್ಲಿ ಕೋಲನ್ನು ಕಿಟಕಿಯಿಂದ ಹೊರಗೆ ಚಾಚಿಕೊಂಡು ಕೂತ. ನಾನು ಲಂಗ ಎತ್ತಿ ಹಿಡಿದು ಮುಂದೆ ಹತ್ತಿದೆ. ಸರಿಯಾಗಿ ಕೂರುವುದರೊಳಗೆ ನಾಗಿ ಬಂದು, "ಜರುಗು, ಜರುಗು, ಪಂಪು ಒತ್ತಿದ್ದು ನಾನಲ್ವಾ?" ಎಂದು ನನ್ನನ್ನು ಒಳಕ್ಕೆ ತಳ್ಳಿ ಕಿಟಕಿ ಹಿಡಿದುಕೊಂಡಳು. ಬಯ್ಯಲು ಬಾಯಿ ತೆಗೆಯುವಷ್ಟರಲ್ಲಿ ಕಾರು ಹೊರಟಿತು. ಊರು ದಾಟಿತು. ಕೆರೆ ಏರಿ ಬಂತು. ಅಪ್ಪನ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿತ್ತು. ಅದು ಗಟ್ಟಿಯಾಗಿ ಸೆಟೆದುಕೊಂಡದ್ದು ನನಗೆ ತಿಳಿಯಿತು. ಏರಿ ಹತ್ತಿದೆವು, ಹುಣಸೆಮರ ಹಿಂದೆ ಹೋಯಿತು, ಏರಿ ಇಳಿದೆವು. ಮೊಣಕೈ ಸಡಿಲವಾಯಿತು.

ಹಿಂದಿನಿಂದ ದೊಡ್ಡಪ್ಪ, "ಸರಿ ಕಣ್ಲಾ," ಅಂದ. "ನೀನು ಇದನ್ನೇ ಮೇಯಿಸ್ಕೊಂಡಿರು."

ಅಪ್ಪ ಊರಲ್ಲೇ ಉಳಿದ. ಕಂಬಳಿ ನನಗೆ ಬಂತು, ತೊಳೆದರೂ ಹೋಗದ ಡೀಸೆಲ್ ವಾಸನೆಯೊಂದಿಗೆ. ಅದನ್ನು ಹೊದ್ದರೆ ಅಪ್ಪನ ಪಕ್ಕ ಮಲಗಿದ ಹಾಗಿರುತ್ತಿತ್ತು. ಮದುವೆಯಾಗಿ ಹೋಗುವಾಗಲೂ ಕೊಂಡುಹೋದೆ. ಅಪ್ಪ ಈಗಿಲ್ಲ. ಅವನು ಇದ್ದಿದ್ದರೆ ಈ ಕೂಸನ್ನು ನಮ್ಮಿಬ್ಬರಿಗೂ ಕೊಡದೆ ತಾನೇ ಹೊತ್ತು ತಿರುಗುತ್ತಿದ್ದ.

ಕೂಸನ್ನು ಮಧುಗಿರಿಯ ಆಸ್ಪತ್ರೆಯಿಂದ ಮನೆಗೆ ಕರೆತಂದ ಬೆಳಗ್ಗೆಯೂ ಅಂಥದೇ ಚಳಿ. ಅಳಿಯನ ಕಾರು ಗುಂಡಿ ಒತ್ತಿದರೆ ಸಾಕು, ಸದ್ದಿಲ್ಲದೆ ಹೊರಡುತ್ತದೆ. ಮಗಳನ್ನು ಮುಂದೆ ಕೂರಿಸಿ ನಾವಿಬ್ಬರೂ ಅಜ್ಜಿಯರು ಹಿಂದೆ ಕೂತೆವು. ಕೂಸು ನಾಗಿಯ ಕೈಯಲ್ಲಿತ್ತು. ಕೂಸನ್ನು ನಾನಾಗಿ ಕೇಳುವುದಿಲ್ಲ ಎಂದು ಹಟ ಹಿಡಿದು ಆಚೆ ನೋಡುತ್ತಿದ್ದೆ. ಅವಳೇ ನನ್ನ ತೊಡೆಯ ಮೇಲೆ ಇಟ್ಟಳು.

"ತಗೋ, ನೀನೇ ಇಟ್ಕೋ. ಅತ್ಲಾಗೆ ಜರುಗು, ಕಿಟಕಿ ನಂಗೆ ಬುಡು."

"ಆವತ್ತೂ ಕಿಟಕಿ ಕಿತ್ಕೊಂಡೆ."

"ಕಿತ್ಕೊಂಡಿಲ್ಲ ಕಣೇ. ದಿನಾ ನಾನೇ ಮಾಮನ ಪಕ್ಕ ಕೂತಿರ್ತಿದ್ದೆ. ಆವತ್ತೊಂದಿನ ಲಕ್ಕಿ ಕೂತ್ಕೊಳ್ಲಿ ಅಂತ ನಿನ್ನ ಒಳಕ್ಕೆ ತಳ್ಳಿದ್ದು."

ಸುಳ್ಳು. ಅವಳಿಗೆ ಕಿಟಕಿಯೇ ಬೇಕಿತ್ತು, ನನಗೆ ಗೊತ್ತು. ಆದರೆ ಅವಳು ಹಾಗೆ ಹೇಳಿದ ಮೇಲೆ ನನ್ನ ಪಕ್ಕೆಯಲ್ಲಿ ಅಪ್ಪನ ಆ ಮೊಣಕೈ ಇನ್ನೊಮ್ಮೆ ತಾಗಿದಂತಾಗಿ, ಜರುಗಿ ಕಿಟಕಿ ಬಿಟ್ಟುಕೊಟ್ಟೆ. ಕೂಸು ನನ್ನ ಹೆಬ್ಬೆರಳು ಹಿಡಿದು ನಿದ್ದೆ ಮಾಡುತ್ತಿತ್ತು. ಮಂಜು ಕರಗಿ ಬೆಟ್ಟ ಕಾಣತೊಡಗಿತ್ತು. ನಾಗಿ ಗಾಜು ಇಳಿಸಿ ಮುಖ ಹೊರಗೆ ಹಾಕಿ ನೋಡುತ್ತಿದ್ದಳು. ಎಷ್ಟು ಚೆನ್ನಾಗಿ ಕಾಣುತ್ತಿತ್ತೋ ಅವಳಿಗೆ!

"ಗಾಜು ಏರ್ಸೇ," ಅಂದೆ. "ನನ್ ಮೊಮ್ಮಗಳಿಗೆ ಚಳಿ."